ಕ್ಲಚ್ ಒತ್ತಿದರೆ ಕ್ರ್ಯಾಂಕ್ ಪುಲ್ಲಿ ಮುಂದೆ ಬರುತ್ತದೆ, ಇದು ಸೆಟ್ ಆಗುತ್ತದಾ?

ಪ್ರಶ್ನೆ: ನನ್ನದು 2003ರ ಜಿಪ್ಸಿ, 1.3 ಎಂಪಿಎಫ್‌ಐ. ಸಕಲೇಶಪುರದ ಹತ್ತಿರ ತೋಟದ ಕೆಲಸಕ್ಕೆ ಓಡಿಸುತ್ತೇನೆ. ಹೊಗೆ ಜಾಸ್ತಿಯಾಗಿ ಇಂಜಿನ್ ಬೋರ್‌ಗೆ ಬಂದಿತ್ತು. ಬ್ಲಾಕ್ ಬೋರ್ ಮಾಡಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಪಿಸ್ಟನ್, ಬೇರಿಂಗ್, ಕ್ಲಚ್ ಸೆಟ್ ಎಲ್ಲ ಹೊಸದು ಹಾಕಿಸಿದೆ. 400 ಕಿ.ಮೀ. ಓಡಿದೆ. ಈಗ ಕ್ಲಚ್ ಒತ್ತಿದಾಗ ಮುಂದೆ ‘ಟಕ್’ ಎನ್ನುತ್ತದೆ. ಬಾನೆಟ್ ಎತ್ತಿ ನೋಡಿದರೆ ಕ್ರ್ಯಾಂಕ್ ಪುಲ್ಲಿ ರೇಡಿಯೇಟರ್ ಕಡೆಗೆ ಒಂದೆರಡು ಮಿ.ಮೀ. ಜರುಗಿದ ಹಾಗೆ ಕಾಣುತ್ತದೆ. ಮೆಕ್ಯಾನಿಕ್ ‘ಹೊಸ ಇಂಜಿನ್ ಸಾರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ’ ಎನ್ನುತ್ತಾರೆ. ನಿಜವೇ? ಹಾಸನಕ್ಕೆ ಓಡಿಸಿಕೊಂಡು ಹೋಗಿ ಬೇರೆಯವರಿಗೆ ತೋರಿಸಲೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಓಡಿಸಬೇಡಿ. ನೀವು ಕಂಡದ್ದು ನಿಜಕ್ಕೂ ಕ್ರ್ಯಾಂಕಿನ, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ, ಚಲನೆಯೇ ಆಗಿದ್ದರೆ ಹಾಸನದ 40 ಕಿ.ಮೀ. ದಾರಿಯಲ್ಲಿ ಇಂಜಿನ್ನಿನ ಮೈಯಾದ ಬ್ಲಾಕೇ ಹಾಳಾಗಬಹುದು. ಗಾಡಿಯನ್ನು ಕಟ್ಟಿ ಎಳೆಸಿ, ಇಲ್ಲವೇ ಲಾರಿಗೆ ಹಾಕಿಸಿ. ಆದರೆ ಅದಕ್ಕೂ ಮುಂಚೆ ಮನೆಯಂಗಳದಲ್ಲೇ ನೋಡಿಕೊಳ್ಳಬಹುದಾದದ್ದು ಒಂದಿಷ್ಟಿದೆ.

‘ಸೆಟ್ ಆಗುತ್ತೆ’ ಎನ್ನುವ ಮಾತು ರಿಂಗ್‌ಗಳಿಗೆ ಸರಿ. ಹೊಸ ರಿಂಗು, ಹೊಸ ಬೋರು ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಳ್ಳುತ್ತವೆ. ಕ್ರ್ಯಾಂಕ್ ಹಿಂದೆ ಮುಂದೆ ಜರುಗುವುದಕ್ಕೆ, ಅಂದರೆ ಎಂಡ್ ಪ್ಲೇಗೆ, ಆ ಮಾತು ಹೊಂದುವುದಿಲ್ಲ. ಸವೆದರೆ ಸಂದು ದೊಡ್ಡದಾಗುತ್ತದೆಯೇ ಹೊರತು ಚಿಕ್ಕದಾಗಲು ದಾರಿಯೇ ಇಲ್ಲ. ಇವತ್ತು ಇರುವ ಆಟ ನಾಳೆಗೆ ಜಾಸ್ತಿಯೇ ಆಗುತ್ತದೆ.

ಹಾಗಂತ ಆಟ ಇರಲೇಬಾರದು ಅಂತಲ್ಲ. ನಿಮ್ಮ ಜಿ13 ಇಂಜಿನ್‌ಗೆ ಸುಜುಕಿ ಕೊಟ್ಟಿರುವ ಅಳತೆ 0.11ರಿಂದ 0.31 ಮಿ.ಮೀ. ಗರಿಷ್ಠ ಮಿತಿ 0.38. ನೋಟ್‌ಬುಕ್ಕಿನ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ. ಅಂದರೆ ನಾಲ್ಕು ಹಾಳೆ ತೂರುವಷ್ಟು ಜಾಗ ಆದರೆ ಆಗಲೇ ಮಿತಿ ಮೀರಿತು. ಇಷ್ಟು ಸಣ್ಣ ಆಟ ಬಗ್ಗಿ ನೋಡಿದರೂ ಕಣ್ಣಿಗೆ ಬೀಳುವುದೇ ಕಷ್ಟ. ನಿಮಗೆ ನಿಂತಲ್ಲಿಂದಲೇ ಕಂಡಿದೆ. ನನಗೆ ದಿಗಿಲಾಗಿದ್ದು ಅದಕ್ಕೇ.

ಈಗ ಮೊದಲ ಅನುಮಾನ. ಜರುಗುತ್ತಿರುವುದು ಕ್ರ್ಯಾಂಕೇ ಹೌದಾ? ಕ್ಲಚ್ ಒತ್ತಿದಾಗ ಇಡೀ ಇಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಸ್ವಲ್ಪ ವಾಲುತ್ತದೆ. ಬಂಪರ್ ಪಕ್ಕ ನಿಂತು ನೋಡುವವರಿಗೆ ಅದೂ ಪುಲ್ಲಿ ಮುಂದೆ ಬಂದ ಹಾಗೇ ಕಾಣುತ್ತದೆ. ಹಾಗಾಗಿ ಪುಲ್ಲಿಯನ್ನು ರೇಡಿಯೇಟರ್‌ಗೆ ಹೋಲಿಸಬೇಡಿ, ಇಂಜಿನ್‌ಗೇ ಹೋಲಿಸಿ. ಪುಲ್ಲಿಯ ಹಿಂದಿರುವ ಟೈಮಿಂಗ್ ಕವರ್ ನೋಡಿ. ಇಂಜಿನ್ ಆಫ್ ಇಟ್ಟು, ಮೊದಲು ಪುಲ್ಲಿಯನ್ನು ಹಿಂದಕ್ಕೆ ಗಟ್ಟಿಯಾಗಿ ತಳ್ಳಿ. ಪುಲ್ಲಿಗೂ ಆ ಕವರ್‌ಗೂ ನಡುವಿನ ಸಂದು ಕ್ಲಚ್ ಒತ್ತಿದಾಗ ಅಗಲವಾಗುತ್ತದಾ? ಹೌದಾದರೆ ಮುಂದಕ್ಕೆ ಓದಿ. ಆಗಲಿಲ್ಲ ಅಂದರೆ ಮೌಂಟಿಂಗ್ ನೋಡಿಸಿ, ಅಲ್ಲಿಗೆ ಮುಗಿಯಿತು.

ಸಂದು ಅಗಲವಾಯಿತು ಅಂದುಕೊಳ್ಳೋಣ. ಆಗಲೂ ಕ್ರ್ಯಾಂಕ್ ಸ್ಥಿರವಾಗಿದ್ದು, ಅದರ ಮೂತಿಯ ಮೇಲೆ ಪುಲ್ಲಿ ಮಾತ್ರ ಸಡಿಲವಾಗಿರಬಹುದು. ನಡುವಿನ ದೊಡ್ಡ ಬೋಲ್ಟ್ ಸರಿಯಾಗಿ ಬಿಗಿಯದೆ ಬಿಟ್ಟರೆ ಟೈಮಿಂಗ್ ಗೇರ್ ಅಲುಗಾಡಿ, ಅದನ್ನು ಕ್ರ್ಯಾಂಕಿಗೆ ಕಚ್ಚಿಸುವ ಸಣ್ಣ ಲೋಹದ ತುಂಡಾದ ಕೀಯನ್ನೂ ಅದರ ಸೀಳನ್ನೂ ತಿಂದುಹಾಕುತ್ತದೆ. ಜಿ ಸರಣಿಯ ಇಂಜಿನ್‌ಗಳಲ್ಲಿ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪುಲ್ಲಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ತಟ್ಟೆ ತೂಗಿದ ಹಾಗೆ ಓಲಾಡಿದರೆ ಅದು ಪುಲ್ಲಿಯ ಸಮಸ್ಯೆ. ನೇರವಾಗಿ ಒಳಗೆ ಹೊರಗೆ ಬಂದರೆ ಕ್ರ್ಯಾಂಕಿನದು. ಮೇಲೆ ಕೆಳಗೆ ಅಲುಗಾಡಿದರೆ ಅದು ಇನ್ನೂ ಕೆಟ್ಟ ಸುದ್ದಿ. ಮೇನ್ ಬೇರಿಂಗ್‌ನ ಆಯಿಲ್ ಸಂದು ಮಿಲಿಮೀಟರಿನ ನೂರರಲ್ಲಿ ಎರಡು, ಮೂರು, ನಾಲ್ಕು ಭಾಗ ಅಷ್ಟೇ. ಅದು ಕೈಗೆ ಸಿಗಬಾರದು. ಸಿಕ್ಕಿತು ಅಂದರೆ ಇಂಜಿನ್ ಪೂರ್ತಿ ಬಿಚ್ಚುವುದೇ.

ಇನ್ನು ಅಳತೆ. ಇದಕ್ಕೆ ಡಯಲ್ ಗೇಜ್, ಅಂದರೆ ಸಣ್ಣ ಚಲನೆಯನ್ನು ಮುಳ್ಳಿನಿಂದ ತೋರಿಸುವ ಅಳತೆಯ ಸಾಧನ, ಬೇಕು. ಒಳ್ಳೆಯ ಲೇತ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಮ್ಯಾಗ್ನೆಟ್ ಸ್ಟ್ಯಾಂಡ್ ತಂದು ಬ್ಲಾಕಿಗೆ ಅಂಟಿಸಲು ಹೋದರೆ ಅದು ಜಾರಿ ಬೀಳುತ್ತದೆ. ನಿಮ್ಮ ಬ್ಲಾಕ್ ಅಲ್ಯೂಮಿನಿಯಂನದು, ಒಳಗಿನ ಲೈನರ್ ಮಾತ್ರ ಕಬ್ಬಿಣ. ಒಂದು ಕಬ್ಬಿಣದ ಪಟ್ಟಿಯನ್ನು ಆಲ್ಟರ್ನೇಟರ್ ಬ್ರ್ಯಾಕೆಟ್ಟಿನ ಬೋಲ್ಟಿಗೆ ಬಿಗಿದು, ಅದರ ಮೇಲೆ ಸ್ಟ್ಯಾಂಡ್ ಕೂರಿಸಿ. ಚಾಸಿಗೋ ಬಂಪರಿಗೋ ಕೂರಿಸಿದರೆ ಮತ್ತೆ ಅದೇ ಮೌಂಟಿಂಗ್ ಆಟ ಅಳತೆಗೆ ಸೇರಿಕೊಳ್ಳುತ್ತದೆ. ಗೇಜಿನ ಮೊನೆ ಕ್ರ್ಯಾಂಕಿನ ಬೋಲ್ಟ್ ತಲೆಯ ಮೇಲೆ ನೇರವಾಗಿ ಕೂರಲಿ.

ಇಂಜಿನ್ ಆಫ್ ಇರಲಿ. ಬಹಳ ಜನ ಇಲ್ಲೇ ಎಡವುತ್ತಾರೆ. ಸುಮ್ನೆ ಒಂದು ಸಲ ಕ್ಲಚ್ ಒತ್ತಿ, ಗೇಜ್ ಅಲುಗಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಹಿಂದಿನ ಸಲ ಒತ್ತಿದಾಗಲೇ ಕ್ರ್ಯಾಂಕ್ ಮುಂದೆ ಬಂದು ಅಲ್ಲೇ ನಿಂತಿರಬಹುದು. ಕ್ಲಚ್ ಬಿಟ್ಟಾಗ ಅದನ್ನು ಹಿಂದಕ್ಕೆ ಎಳೆಯುವವರು ಯಾರೂ ಇಲ್ಲವಲ್ಲ! ಆದ್ದರಿಂದ ಮೊದಲು ಕ್ರ್ಯಾಂಕನ್ನು ಗೇರ್‌ಬಾಕ್ಸ್ ಕಡೆಗೆ ಪೂರ್ತಿ ತಳ್ಳಿ. ಬೋಲ್ಟ್ ತಲೆಗೆ ಮರದ ತುಂಡು ಕೊಟ್ಟು ಗಟ್ಟಿಯಾಗಿ ಒತ್ತಿದರೆ ಸಾಕು, ಸುತ್ತಿಗೆ ಬೇಡ. ಆಮೇಲೆ ಗೇಜನ್ನು ಸೊನ್ನೆಗೆ ತನ್ನಿ. ಈಗ ಇನ್ನೊಬ್ಬರು ಕ್ಲಚ್ ಪೂರ್ತಿ ಒತ್ತಲಿ. ಮುಳ್ಳು ಎಲ್ಲಿಗೆ ಹೋಯಿತು ಬರೆದುಕೊಳ್ಳಿ. ಮೂರು ಸಲ ಮಾಡಿ. ಮೂರೂ ಸಲ ಹೆಚ್ಚುಕಡಿಮೆ ಒಂದೇ ಬರಬೇಕು.

0.3ರ ಒಳಗೆ ಬಂದರೆ ನಿಮ್ಮ ಕ್ರ್ಯಾಂಕ್ ಸರಿಯಿದೆ, ಟಕ್ ಶಬ್ದ ಬೇರೆ ಕಡೆಯದು. ಕ್ಲಚ್ ಫೋರ್ಕ್, ರಿಲೀಸ್ ಬೇರಿಂಗ್, ಪೆಡಲ್ಲಿನ ಬುಷ್ ನೋಡಿ. 0.4ರಿಂದ 1 ಮಿ.ಮೀ. ನಡುವೆ ಬಂದರೆ ಕ್ರ್ಯಾಂಕ್ ಹಿಂದೆ ಮುಂದೆ ಜರುಗದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ ಅಥವಾ ತಪ್ಪು ಸೈಜ್ ಹಾಕಿದ್ದಾರೆ. ಎರಡೂವರೆ ಮಿ.ಮೀ. ದಾಟಿತೆಂದರೆ ಒಂದು ವಾಷರ್ ಅಲ್ಲಿ ಇಲ್ಲವೇ ಇಲ್ಲ. ಏಕೆಂದರೆ ಒಂದು ವಾಷರಿನ ದಪ್ಪವೇ 2.5 ಮಿ.ಮೀ. ಒಂದೋ ಹಾಕಲು ಮರೆತಿದ್ದಾರೆ, ಇಲ್ಲವೇ ಹಾಕಿದ್ದು ಜಾರಿ ಆಯಿಲ್ ಚೇಂಬರಿಗೆ ಬಿದ್ದಿದೆ. ನೀವು ಕಣ್ಣಂದಾಜಿನಲ್ಲಿ ಹೇಳಿದ ‘ಒಂದೆರಡು ಮಿ.ಮೀ.’ ಈ ಎರಡರ ನಡುವೆ ಎಲ್ಲಾದರೂ ಇರಬಹುದು. ಗೇಜ್ ಹಾಕದೆ ತೀರ್ಮಾನ ಬೇಡ ಅನ್ನುವುದು ಅದಕ್ಕೆ.

ಈ ವಾಷರ್ ಎಲ್ಲಿರುತ್ತದೆ ಅಂತ ಗೊತ್ತಾದರೆ ಉಳಿದದ್ದು ಸುಲಭ. ನಿಮ್ಮ ಕ್ರ್ಯಾಂಕಿಗೆ ಐದು ಮೇನ್ ಬೇರಿಂಗ್. ನಡುವಿನದು, ಅಂದರೆ ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ ಇರುವುದು, ಥ್ರಸ್ಟ್ ಹೊರುವ ಜಾಗ. ಅದರ ಮುಂದೊಂದು ಹಿಂದೊಂದು, ಅರ್ಧಚಂದ್ರದ ಆಕಾರದ ಎರಡು ತೆಳು ವಾಷರ್ ಬ್ಲಾಕಿನ ಕಡೆ ಕೂರುತ್ತವೆ. ಅವನ್ನು ಹಿಡಿದಿಡಲು ಬೋಲ್ಟ್ ಇಲ್ಲ, ಪಿನ್ ಇಲ್ಲ. ಕ್ರ್ಯಾಂಕಿನ ಮೈಯೇ ಅವುಗಳನ್ನು ಜಾಗದಲ್ಲಿ ಇಟ್ಟಿರುತ್ತದೆ. ಆಟ ವಿಪರೀತವಾದರೆ ಅವು ತಿರುಗಿ ಕೆಳಗೆ ಜಾರುತ್ತವೆ. ಬ್ರಿಟನ್ನಿನ ಹಳೇ ಟ್ರಯಂಫ್ ಕಾರುಗಳು ಇದೇ ಕಾಯಿಲೆಗೆ ಹೆಸರುವಾಸಿ. ಅಂಥ ಕಾರು ಕೊಳ್ಳುವವರು ಇವತ್ತಿಗೂ ಮೊದಲು ಒಬ್ಬರನ್ನು ಕ್ಲಚ್ ಒತ್ತಲು ಕೂರಿಸಿ ಪುಲ್ಲಿ ನೋಡುತ್ತಾರೆ. ನಿಮಗೆ ಅರಿವಿಲ್ಲದೆ ನೀವು ಮಾಡಿದ್ದೂ ಅದನ್ನೇ.

ಕ್ಲಚ್ ಒತ್ತಿದಾಗ ರಿಲೀಸ್ ಬೇರಿಂಗ್ ಪ್ರೆಷರ್ ಪ್ಲೇಟನ್ನು ಮುಂದಕ್ಕೆ ತಳ್ಳುತ್ತದೆ. ಅದು ಕ್ರ್ಯಾಂಕಿನ ಹಿಂತುದಿಯ ಭಾರದ ಚಕ್ರವಾದ ಫ್ಲೈವೀಲನ್ನು, ಫ್ಲೈವೀಲ್ ಕ್ರ್ಯಾಂಕನ್ನು ತಳ್ಳುತ್ತದೆ. ಆ ಭಾರವನ್ನೆಲ್ಲ ಫ್ಲೈವೀಲ್ ಕಡೆಯ ವಾಷರ್ ಒಂದೇ ತಡೆಯಬೇಕು. ಅದೇ ಇಲ್ಲದಿದ್ದರೆ ಗಟ್ಟಿ ಕ್ರ್ಯಾಂಕ್ ನೇರವಾಗಿ ಅಲ್ಯೂಮಿನಿಯಂ ಬ್ಲಾಕಿಗೆ ಉಜ್ಜುತ್ತದೆ. ಯಾರು ಸೋಲುತ್ತಾರೆ ಹೇಳಬೇಕಾಗಿಲ್ಲ ಅಲ್ವಾ? ಓಡಿಸಬೇಡಿ ಅಂದಿದ್ದು ಇದಕ್ಕೇ. ವಾಷರ್ ಸಣ್ಣ ಸಾಮಾನು, ಬ್ಲಾಕ್ ಹಾಗಲ್ಲ.

ಅಳತೆ ಮಿತಿ ಮೀರಿದ್ದರೆ ಆಯಿಲ್ ಇಳಿಸಿ. ಸುಮ್ನೆ ಡಬ್ಬಕ್ಕೆ ಸುರಿಯಬೇಡಿ, ಬಿಳಿ ಬಟ್ಟೆಯ ಮೇಲಿಂದ ಸೋಸಿ. ಹೊಸ ಇಂಜಿನ್ನಿನ ಮೊದಲ ಆಯಿಲಿನಲ್ಲಿ ಸ್ವಲ್ಪ ಮಿನುಗು ಇರುವುದು ಸಹಜ, ಅದು ರಿಂಗಿನದು. ಆದರೆ ಚಕ್ಕೆ ಚಕ್ಕೆಯಾಗಿ ಬೆಳ್ಳಿ ಬಣ್ಣದ ಪುಡಿ ಸಿಕ್ಕಿ, ಆಯಸ್ಕಾಂತಕ್ಕೆ ಅಂಟದಿದ್ದರೆ ಅದು ಅಲ್ಯೂಮಿನಿಯಂ. ವಾಷರಿನ ಲೈನಿಂಗ್, ಅಂದರೆ ಅದರ ಮುಖದ ಮೃದು ಪದರ, ಇರಬಹುದು, ಬ್ಲಾಕೂ ಇರಬಹುದು. ಅಂಟಿದರೆ ಉಕ್ಕು, ಅಂದರೆ ಲೈನಿಂಗ್ ಮುಗಿದು ವಾಷರಿನ ಬೆನ್ನೇ ತಿಕ್ಕುತ್ತಿರಬಹುದು.

ಆಯಿಲ್ ಚೇಂಬರ್ ಬಿಚ್ಚಿದ ಮೇಲೆ ಪಂಪಿನ ಜಾಲರಿಯನ್ನೂ ಚೇಂಬರಿನ ತಳವನ್ನೂ ಮೊದಲು ನೋಡಿ. ಬಿದ್ದ ವಾಷರ್ ಇದ್ದರೆ ಅಲ್ಲೇ ಸಿಗುತ್ತದೆ. ನಂತರ ನಡುವಿನ ಮೇನ್ ಬೇರಿಂಗನ್ನು ಕೆಳಗಿನಿಂದ ಹಿಡಿದಿರುವ ಕ್ಯಾಪ್ ತೆಗೆಯಿರಿ. ಕ್ಯಾಪಿನ ಮೇಲೆ ನಂಬರ್, ಬಾಣದ ಗುರುತು ಇರುತ್ತದೆ, ನೋಡಿಕೊಂಡು ತೆಗೆಯಿರಿ. ಕ್ಯಾಪ್ ತೆಗೆದರೆ ಇಡೀ ಕ್ರ್ಯಾಂಕ್ ಇಳಿಸದೆಯೇ ವಾಷರನ್ನು ತೆಳುವಾದ ತಗಡಿನ ಪಟ್ಟಿಯಿಂದ ತಳ್ಳಿ, ಜರ್ನಲ್, ಅಂದರೆ ಬೇರಿಂಗಿನಲ್ಲಿ ಕೂರುವ ಕ್ರ್ಯಾಂಕಿನ ದುಂಡನೆಯ ಭಾಗದ, ಸುತ್ತ ತಿರುಗಿಸಿ ಹೊರಗೆ ತೆಗೆಯಬಹುದು. ಸ್ಕ್ರೂಡ್ರೈವರ್ ಹಾಕಿ ಕ್ರ್ಯಾಂಕಿನ ಮೇಲೆ ಗೀರು ಬೀಳಿಸಬೇಡಿ.

ಕೈಗೆ ಬಂದ ವಾಷರ್ ತನ್ನ ಕಥೆ ತಾನೇ ಹೇಳುತ್ತದೆ. ಅದರ ಒಂದು ಮುಖದಲ್ಲಿ ಆಯಿಲ್ ಗ್ರೂವ್ ಇರುತ್ತದೆ, ಇನ್ನೊಂದು ಮುಖ ನುಣುಪು. ಗ್ರೂವ್ ಇರುವ ಮುಖ ಕ್ರ್ಯಾಂಕ್ ಕಡೆಗೆ ಇರಬೇಕು. ಇದನ್ನು ಉಲ್ಟಾ ಹಾಕುವುದು ಎಷ್ಟು ಸುಲಭ ಅಂತ ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನಾನೇ ಹಾಕಿದ್ದೇನೆ. ಕೆಲಸ ಕಲಿತ ಹೊಸದು. ಇದೇ ಜಾತಿಯ ಇಂಜಿನ್ ಇದ್ದ ಒಂದು ಮಾರುತಿ ಎಸ್ಟೀಮ್ ಕಾರು. ಸಂಜೆ ಕರೆಂಟ್ ಹೋಗಿತ್ತು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕೂರಿಸುತ್ತಿದ್ದೆ. ಆಯಿಲ್ ಬ್ಲಾಕಿನಿಂದ ತಾನೇ ಬರುವುದು, ಹಾಗಾದರೆ ಗ್ರೂವ್ ಬ್ಲಾಕ್ ಕಡೆಗೇ ಇರಬೇಕು ಅಂತ ನನ್ನ ಬುದ್ಧಿ ಹೇಳಿತು. ಎರಡು ವಾರಕ್ಕೆ ಗಾಡಿ ವಾಪಸ್ ಬಂತು. ಗೇಜಿನಲ್ಲಿ 0.9. ಮೃದುವಾದ ಲೈನಿಂಗ್ ಬ್ಲಾಕ್ ಕಡೆ ಆರಾಮಾಗಿ ಕೂತಿತ್ತು, ಉಕ್ಕಿನ ಬೆನ್ನು ಕ್ರ್ಯಾಂಕಿಗೆ ತಿಕ್ಕಿ ಸುಟ್ಟು ನೀಲಿಯಾಗಿತ್ತು. ಆ ಸಲ ಕೂಲಿ ನನ್ನ ಜೇಬಿನಿಂದಲೇ ಹೋಯಿತು.

ಗ್ರೂವ್ ಸರಿಯಾದ ಕಡೆಗೇ ಇದ್ದು, ಫ್ಲೈವೀಲ್ ಕಡೆಯ ವಾಷರ್ ಮಾತ್ರ ಸವೆದಿದ್ದರೆ ಕ್ಲಚ್ ಮೇಲೆ ಅನುಮಾನ. ಎರಡೂ ಸವೆದಿದ್ದರೆ ಆಯಿಲ್ ಬಂದಿಲ್ಲ, ಕಸ ಸಿಕ್ಕಿದೆ ಅಥವಾ ಕ್ರ್ಯಾಂಕಿನ ಮುಖ ಒರಟಾಗಿದೆ. ವಾಷರ್ ಸವೆದೇ ಇಲ್ಲ, ಆದರೂ ಆಟ ಜಾಸ್ತಿ ಅಂದರೆ ಕ್ರ್ಯಾಂಕಿನ ಕೆನ್ನೆ, ಅಂದರೆ ವಾಷರ್ ತಾಗುವ ಗೋಡೆ, ತೆಳುವಾಗಿದೆ.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಇಂಜಿನ್ ಬಗ್ಗೆ ನನ್ನ ಅನುಮಾನ ಇಲ್ಲೇ ಇರುವುದು. ನೀವು ಕ್ರ್ಯಾಂಕ್ ಗ್ರೈಂಡ್ ಮಾಡಿಸಿದ್ದೀರಿ. ಜರ್ನಲ್ ಗ್ರೈಂಡ್ ಮಾಡುವಾಗ ಕಲ್ಲು ಮೂಲೆಯವರೆಗೂ ಹೋಗುತ್ತದೆ. ಕೈ ಸ್ವಲ್ಪ ಜಾರಿದರೂ ನಡುವಿನ ಜರ್ನಲ್‌ನ ಪಕ್ಕದ ಗೋಡೆಗೆ, ಅಂದರೆ ಥ್ರಸ್ಟ್ ಮುಖಕ್ಕೆ, ಕಲ್ಲು ತಾಗುತ್ತದೆ. ಹಾಗಾದಾಗ ಎರಡು ತೊಂದರೆ. ಮುಖ ತೆಳುವಾಗಿ ಸಂದು ಹೆಚ್ಚುತ್ತದೆ. ಅದಕ್ಕಿಂತ ಕೆಟ್ಟದ್ದು, ಮುಖ ಒರಟಾಗುತ್ತದೆ. ಒರಟು ಮುಖ ಅಂದರೆ ಅರದ ಹಾಗೆ. ಎಷ್ಟು ಹೊಸ ವಾಷರ್ ಹಾಕಿದರೂ ಕೆಲವೇ ನೂರು ಕಿಲೋಮೀಟರಿನಲ್ಲಿ ತಿಂದುಹಾಕುತ್ತದೆ. ನಿಮ್ಮದು 400 ಕಿ.ಮೀ. ಓಡಿದೆ ಅಂದಿರಿ, ಲೆಕ್ಕ ಹೊಂದುತ್ತದೆ.

ಕೈಬೆರಳಿನ ಉಗುರನ್ನು ಆ ಮುಖದ ಮೇಲೆ ಆಡಿಸಿ. ಗಾಜಿನ ಮೇಲೆ ಜಾರಿದ ಹಾಗೆ ಜಾರಬೇಕು. ಸಿಕ್ಕಿಕೊಂಡರೆ, ಕೆರೆದ ಶಬ್ದ ಬಂದರೆ, ಬರೀ ವಾಷರ್ ಬದಲಾಯಿಸಿ ಮುಚ್ಚುವುದು ದುಡ್ಡು ದಂಡ. ಕ್ರ್ಯಾಂಕ್ ಇಳಿಸಿ, ಆ ಮುಖವನ್ನು ಸರಿಯಾಗಿ ಫೇಸಿಂಗ್ ಮಾಡಿಸಿ, ಅಂದರೆ ಸಪಾಟು ಮಾಡಿಸಿ, ಪಾಲಿಶ್ ಮಾಡಿಸಲೇಬೇಕು. ಅದೇ ಲೇತಿನವರ ಹತ್ತಿರ ಹೋದರೆ ‘ನಾವು ಜರ್ನಲ್ ಮಾತ್ರ ಮುಟ್ಟಿದ್ದು’ ಎನ್ನಬಹುದು. ವಾದ ಬೇಡ. ಗ್ರೈಂಡಿಂಗ್ ಗುರುತು ಕಣ್ಣಿಗೆ ಕಾಣುತ್ತದೆ, ಬೆಳಕಿಗೆ ಹಿಡಿದು ತೋರಿಸಿ.

ಮುಖ ತೆಳುವಾಗಿದ್ದರೆ ಅದಕ್ಕೆ ಓವರ್‌ಸೈಜ್ ವಾಷರ್ ಇದೆ. ಸ್ಟ್ಯಾಂಡರ್ಡ್ 2.500 ಮಿ.ಮೀ. ಇದ್ದರೆ ಓವರ್‌ಸೈಜ್ 2.563. ಡಬ್ಬಿಯ ಮೇಲೆ 0.125 ಅಂತ ಇರುತ್ತದೆ, ಅದು ಎರಡೂ ಸೇರಿ ಸಿಗುವ ಹೆಚ್ಚಿನ ದಪ್ಪ. ಉದಾಹರಣೆಗೆ, ಹೊಸ ಸ್ಟ್ಯಾಂಡರ್ಡ್ ವಾಷರ್ ಹಾಕಿ ಅಳೆದಾಗ 0.42 ಬಂತು ಅನ್ನಿ. ಎರಡನ್ನೂ ಓವರ್‌ಸೈಜ್ ಮಾಡಿದರೆ 0.29ಕ್ಕೆ ಇಳಿಯುತ್ತದೆ, ಒಳ್ಳೆಯದು. ಒಂದನ್ನು ಮಾತ್ರ ಮಾಡಿದರೆ 0.36. ಮಿತಿಯೊಳಗೆ ಇದೆ ನಿಜ, ಆದರೆ ಹೊಸ ಇಂಜಿನ್‌ಗೆ ನಾನು ಒಪ್ಪುವುದಿಲ್ಲ. ಅಂಗಡಿಯಿಂದ ತಂದ ವಾಷರನ್ನು ಡಬ್ಬಿ ನಂಬಿ ಹಾಕಬೇಡಿ, ಮೈಕ್ರೋಮೀಟರಿನಲ್ಲಿ ಅಳೆದೇ ಹಾಕಿಸಿ.

ಕೆಲವು ಮೇಸ್ತ್ರಿಗಳಿಗೆ ಇನ್ನೊಂದು ಚಟ. ‘ಟೈಟಾಗಿ ಕೂರಿಸಿದ್ದೀನಿ ಸಾರ್, ಆಟವೇ ಇಲ್ಲ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಅದೂ ತಪ್ಪೇ. ಥ್ರಸ್ಟ್ ವಾಷರಿಗೆ ಅಂತ ಬೇರೆ ಆಯಿಲ್ ದಾರಿ ಇಲ್ಲ. ಮೇನ್ ಬೇರಿಂಗಿನ ಪಕ್ಕದಿಂದ ಸೋರಿ ಬಂದ ಆಯಿಲೇ ಅದಕ್ಕೆ ಗತಿ. ಸಂದೇ ಇಲ್ಲದಿದ್ದರೆ ಆಯಿಲ್ ಒಳಗೆ ಹೋಗುವುದಾದರೂ ಎಲ್ಲಿಂದ? 0.11ಕ್ಕಿಂತ ಕಡಿಮೆ ಬಂದರೆ ಹಾಗೇ ಮುಚ್ಚಲು ಬಿಡಬೇಡಿ.

ಇನ್ನು ಇಂಜಿನ್ ಹೊರಗಿನ ಕಾರಣಗಳು. ಇವನ್ನು ನೋಡದೆ ವಾಷರ್ ಹಾಕಿದರೆ ಮತ್ತೆ ಅದೇ ಪಾಡು. ನಿಮ್ಮದು ಕೇಬಲ್ ಕ್ಲಚ್. ಪೆಡಲ್ ಒತ್ತಲು ಶುರು ಮಾಡಿದಾಗ ಮೊದಲ ಒಂದು ಇಂಚಿನ ಆಸುಪಾಸು ಫ್ರೀ ಪ್ಲೇ, ಅಂದರೆ ಭಾರವಿಲ್ಲದ ಖಾಲಿ ಓಟ, ಇರಬೇಕು, ಕೈಯಲ್ಲಿ ಒತ್ತಿದರೆ ಸಲೀಸಾಗಿ ಹೋಗಬೇಕು. ನೀವು ಕ್ಲಚ್ ಪ್ಲೇಟ್ ಹೊಸದು ಹಾಕಿಸಿದ್ದೀರಿ. ಹೊಸ ಪ್ಲೇಟ್ ಇದ್ದಾಗ ಫ್ರೀ ಪ್ಲೇ ಜಾಸ್ತಿ ಕಾಣುತ್ತದೆ ಅಂತ ಕೇಬಲನ್ನು ಪೂರ್ತಿ ಎಳೆದು ಬಿಗಿಯುತ್ತಾರೆ. ಪ್ಲೇಟ್ ಸ್ವಲ್ಪ ಸವೆದು ಕೂತ ಕೂಡಲೇ ಆ ಸಂದು ಮುಚ್ಚಿಹೋಗುತ್ತದೆ. ಆಮೇಲೆ ನಿಮ್ಮ ಕಾಲು ಪೆಡಲಿನ ಮೇಲೆ ಇಲ್ಲದಿದ್ದರೂ ರಿಲೀಸ್ ಬೇರಿಂಗ್ ಕ್ರ್ಯಾಂಕನ್ನು ತಳ್ಳುತ್ತಲೇ ಇರುತ್ತದೆ. ತೋಟದ ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ನಿಲ್ಲಿಸಿಕೊಳ್ಳುವ ಅಭ್ಯಾಸ ಇದ್ದರೆ ಅದನ್ನೂ ಈಗ ಬಿಡಿ. ಅದಕ್ಕೆ ಹ್ಯಾಂಡ್‌ಬ್ರೇಕ್ ಇದೆ.

ಇನ್ನೊಂದು, ಅರ್ಥಿಂಗ್. ಇಂಜಿನ್ ಇಳಿಸಿ ಏರಿಸುವಾಗ ಇಂಜಿನ್‌ಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ಹಾಕಲು ಮರೆಯುವುದು ಮಾಮೂಲು. ಆಗ ಸ್ಟಾರ್ಟರಿನ ಅಷ್ಟೂ ಕರೆಂಟ್ ಸಿಕ್ಕ ದಾರಿಯಲ್ಲಿ ವಾಪಸ್ ಹೋಗುತ್ತದೆ, ಕ್ಲಚ್ ಕೇಬಲ್ ಮೂಲಕವೂ, ಕ್ರ್ಯಾಂಕ್ ಮೂಲಕವೂ. ಬೇರಿಂಗಿನ ಮುಖದ ಮೇಲೆ ಸಣ್ಣ ಸಣ್ಣ ಕಿಡಿಗಳು ಹಾರಿ ಗುಳಿ ಬೀಳುತ್ತವೆ. ಸೆಲ್ಫ್ ಹೊಡೆದ ಕೂಡಲೇ ಕ್ಲಚ್ ಕೇಬಲ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅರ್ಥ್ ಇಲ್ಲ ಅಂತಲೇ ಅರ್ಥ. ಈಗ ಇಂಜಿನ್ ಸ್ಟಾರ್ಟ್ ಮಾಡುವ ಹಾಗಿಲ್ಲ, ಹಾಗಾಗಿ ಸದ್ಯ ಪಟ್ಟಿ ಇದೆಯಾ, ಬೋಲ್ಟ್ ಬಿಗಿಯಾಗಿದೆಯಾ ನೋಡಿಸಿ ಸಾಕು.

ಬ್ಲಾಕಿನಲ್ಲಿ ವಾಷರ್ ಕೂರುವ ಜಾಗ ಸಪಾಟಾಗಿ ಉಳಿದಿದ್ದರೆ ನೀವು ಬಚಾವ್. ಅಲ್ಯೂಮಿನಿಯಂ ಕಿತ್ತು ಹಳ್ಳ ಬಿದ್ದಿದ್ದರೆ ಹೊಸ ವಾಷರ್ ಅಲ್ಲಿ ನೆಟ್ಟಗೆ ಕೂರುವುದಿಲ್ಲ. ಆಗ ಬ್ಲಾಕನ್ನು ಮೆಷೀನ್ ಶಾಪಿಗೆ ಒಯ್ಯಲೇಬೇಕು. ಎಂ-ಸೀಲ್ ಹಚ್ಚುವವರನ್ನೂ ಕಂಡಿದ್ದೇನೆ, ದಯವಿಟ್ಟು ಅಂಥವರ ಕೈಗೆ ಕೊಡಬೇಡಿ.

ಮೆಕ್ಯಾನಿಕ್ ಜೊತೆ ಜಗಳ ಬೇಡ. ‘ಗೇಜ್ ಹಾಕಿ ತೋರಿಸಿ’ ಅಂತ ಮಾತ್ರ ಕೇಳಿ. ನಂಬರ್ ಕಂಡ ಮೇಲೆ ‘ಸೆಟ್ ಆಗುತ್ತೆ’ ಎನ್ನುವುದು ಅವರಿಗೂ ಕಷ್ಟ. ಬಿಚ್ಚುವಾಗ ನೀವೂ ಪಕ್ಕದಲ್ಲಿರಿ. ಹಳೇ ವಾಷರ್, ಲೇತಿನ ಬಿಲ್ ಎರಡನ್ನೂ ಇಟ್ಟುಕೊಳ್ಳಿ. ತಪ್ಪು ಜೋಡಣೆಯದ್ದೋ ಗ್ರೈಂಡಿಂಗಿನದ್ದೋ ಎಂದು ತೀರ್ಮಾನವಾಗುವುದು ಅವುಗಳಿಂದಲೇ.

ಮತ್ತೆ ಕಟ್ಟುವಾಗ ವಾಷರಿನ ಎರಡೂ ಮುಖಕ್ಕೆ ಆಯಿಲ್ ಹಚ್ಚಿ ಕೂರಿಸಲಿ. ಕ್ಯಾಪ್ ಟಾರ್ಕ್ ಮಾಡಿದ ಮೇಲೆ, ಚೇಂಬರ್ ಮುಚ್ಚುವ ಮುಂಚೆ, ನಿಮ್ಮೆದುರೇ ಒಮ್ಮೆ ಅಳೆಯಲಿ. ಮೊದಲ ಸ್ಟಾರ್ಟ್ ನ್ಯೂಟ್ರಲ್‌ನಲ್ಲಿ, ಕ್ಲಚ್ ಮುಟ್ಟದೆ. ಆಯಿಲ್ ಇನ್ನೂ ಮೇಲೆ ಬಾರದ ಆ ಕೆಲವು ಸೆಕೆಂಡು ಒಣಗಿದ ವಾಷರಿನ ಮೇಲೆ ಕ್ಲಚ್ಚಿನ ಭಾರ ಬೀಳಬಾರದು. ಅಳತೆಯನ್ನು ದಿನಾಂಕದ ಜೊತೆ ಬರೆದು ಬಾನೆಟ್ ಒಳಗೆ ಅಂಟಿಸಿ. 500 ಕಿ.ಮೀ. ಆದ ಮೇಲೆ ಅದೇ ಗೇಜ್ ಹಾಕಿ ಇನ್ನೊಮ್ಮೆ ನೋಡಿ. ಆ ನಂಬರ್ ಏರಿದ್ದರೆ ಇಂಜಿನ್ ಬಿಚ್ಚಲು ಹೊರಡುವ ಮುಂಚೆ ಕ್ಲಚ್ ಕೇಬಲ್ ಸಡಿಲವಿದೆಯಾ ಅಂತ ನೋಡಿ, ಆಮೇಲೆ ನನಗೆ ಬರೆಯಿರಿ.